ಒಂದು ರಾಗಿ ಕಾಳಿನ ಲೆಕ್ಕ

ಪರಸ್ಥಳದಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಕನ್ನಡಕ್ಕೆ ಬರಬರುತ್ತ ಎರಡೇ ಕೆಲಸ ಉಳಿದಿವೆ: ಮಕ್ಕಳನ್ನು ಊಟಕ್ಕೆ ಕರೆಯುವುದು, ಇಲ್ಲವೆ ಗದರಿಸುವುದು. ಭೂಮಿ, ಆಕಾಶ, ಪ್ರಾಣಿಗಳ ಮಾತು ಬಂದರೆ ಹುಡುಗರು ತಟ್ಟನೆ ಇಂಗ್ಲಿಷಿಗೆ ಹೊರಳುತ್ತಾರೆ. ಅವರನ್ನು ದೂರಿ ಫಲವಿಲ್ಲ. ಆ ವಿಷಯಗಳು ಶಾಲೆಯಲ್ಲಿ ಅವರಿಗೆ ದೊರೆತದ್ದೇ ಆ ಭಾಷೆಯಲ್ಲಿ.

ಹೈದರಾಬಾದಿನಲ್ಲಿರುವ ನಮಗೆ ಇದಕ್ಕೆ ಮದ್ದು ಊರಿನಲ್ಲೇ ಸಿಕ್ಕಿತು. ಇಲ್ಲಿಯ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕೋಟಾಸಾರಸ್ ಎಂಬ ಡೈನೋಸಾರಿನ ಅಸ್ಥಿಪಂಜರ ನಿಂತಿದೆ. ಇದು ಹೊರದೇಶದ ಪ್ರಾಣಿಯಲ್ಲ. ಗೋದಾವರಿ ಸೀಮೆಯ ಯಾಮನಪಲ್ಲಿಯ ಬಳಿ ದೊರೆತದ್ದು. 1970ರ ದಶಕದ ಕೊನೆಯಲ್ಲಿ ಅಲ್ಲಿ 840 ಎಲುಬಿನ ಭಾಗಗಳು ಸಿಕ್ಕವು. 1988ರಲ್ಲಿ ಪಿ. ಯಾದಗಿರಿ ಎಂಬ ವಿಜ್ಞಾನಿ ಇದಕ್ಕೆ ಹೆಸರಿಟ್ಟರು. ಸೊಪ್ಪುಸದೆ ತಿಂದು ಬದುಕಿದ, ಉದ್ದ ಕತ್ತಿನ ಸಾಧು ಪ್ರಾಣಿ.

ಅದನ್ನು ನೋಡಿ ಬಂದ ಮೇಲೆ ನಮ್ಮ ಬಡಾವಣೆಯ ಏಳೆಂಟು ಮಕ್ಕಳನ್ನು ಸೇರಿಸಿ ಮೂರು ಆಟ ಆಡಿಸಿದೆವು. ಖರ್ಚು ಅಲ್ಪ, ಗದ್ದಲ ವಿಪರೀತ.

ಮೊದಲನೆಯದು ಅಚ್ಚಿನ ಆಟ. ಹದವಾದ ಜೇಡಿಮಣ್ಣನ್ನು ತಟ್ಟಿ, ಅರಳಿ ಎಲೆಯನ್ನು ನರವಿರುವ ಮಗ್ಗುಲಿನಿಂದ ಒತ್ತಿ ತೆಗೆದು, ಆ ಗುರುತಿನ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ಯುವುದು. ಗಟ್ಟಿಯಾದ ಮೇಲೆ ಬಿಡಿಸಿದರೆ ಎಲೆ ಇಲ್ಲ, ಎಲೆಯ ರೂಪ ಇದೆ. ಪಳೆಯುಳಿಕೆಗಳಲ್ಲಿ ಒಂದು ಬಗೆ ಹೀಗೇ ಆಗುತ್ತದೆಂದು ವಿವರಿಸಲು ಬೇರೆ ಮಾತೇ ಬೇಕಾಗಲಿಲ್ಲ.

ಎರಡನೆಯದು ಎಣಿಕೆಯ ಆಟ. ಮೂರು ಕುಡಿಕೆಗಳನ್ನು ಒಡೆದು, ಚೂಪಾದ ಚೂರು ಆರಿಸಿ ತೆಗೆದು, ಉಳಿದದ್ದನ್ನು ಮರಳಿನಲ್ಲಿ ಹೂತೆವು. ಕುಡಿಕೆಗಳು ಎಷ್ಟಿದ್ದವು? ಚೂರುಗಳನ್ನೆಲ್ಲ ಎಣಿಸಿ ಸೋತ ಮಕ್ಕಳು ಕೊನೆಗೆ ತಳಗಳನ್ನು ಮಾತ್ರ ಎಣಿಸಿದರು. ಮೂರು ತಳ, ಅಂದರೆ ಕನಿಷ್ಠ ಮೂರು ಕುಡಿಕೆ. ಎಲುಬಿನ ರಾಶಿಯಲ್ಲಿಯೂ ಒಂದು ಪ್ರಾಣಿಗೆ ಒಂದೇ ಇರುವ ಎಡತೊಡೆಯ ಎಲುಬಿನಂಥದ್ದನ್ನು ಹೀಗೆ ಎಣಿಸಬಹುದು. ಯಾಮನಪಲ್ಲಿಯ ರಾಶಿಯಲ್ಲಿ ಕನಿಷ್ಠ 12 ಪ್ರಾಣಿಗಳಿದ್ದವು.

ಮೂರನೆಯದು ಹಗ್ಗದ ಆಟ. ಭೂಮಿಗೆ ಸುಮಾರು 460 ಕೋಟಿ ವರ್ಷ. ಮೊಳಕ್ಕೆ 10 ಕೋಟಿಯಂತೆ 46 ಮೊಳ ಹಗ್ಗವನ್ನು ಮಹಡಿಯ ಮೇಲೆ ಸುತ್ತಿ ಹಾಸಿದೆವು. ಒಂದು ತುದಿ ಭೂಮಿಯ ಹುಟ್ಟು, ಇನ್ನೊಂದು ಇಂದಿನ ದಿನ. ಡೈನೋಸಾರುಗಳು ಕಾಣಿಸಿಕೊಂಡದ್ದು ಇಂದಿನ ತುದಿಯಿಂದ ಎರಡು ಮೊಳದಾಚೆ; ಅಳಿದದ್ದು ಮುಕ್ಕಾಲು ಮೊಳಕ್ಕೂ ಈಚೆ, 6.6 ಕೋಟಿ ವರ್ಷದ ಹಿಂದೆ. ಹಾಗಾದರೆ ಮನುಷ್ಯ? ಅವನ ಮೂರು ಲಕ್ಷ ವರ್ಷಕ್ಕೆ ಒಂದು ರಾಗಿ ಕಾಳು ಇಟ್ಟೆವು. ಗದ್ದಲವೆಲ್ಲ ಒಮ್ಮೆಗೇ ನಿಂತಿತು.

ಆಗ ಎರಡನೆಯ ತರಗತಿಯ ಪುಟ್ಟಿಯೊಬ್ಬಳು ಕೇಳಿದಳು: "ಮಾಮಾ, ಮ್ಯೂಸಿಯಮ್ಮಿನದಕ್ಕೆ ತಲೆಬುರುಡೆ ಸಿಗಲಿಲ್ಲ ಅಂದ್ರಲ್ಲ, ಮತ್ತೆ ತಲೆ ಹ್ಯಾಗೆ ಬಂತು?" ಅದರ ಒಂದೆರಡು ಹಲ್ಲು ಸಿಕ್ಕಿವೆ, ಉಳಿದದ್ದನ್ನು ಬಳಗದ ಇತರ ಪ್ರಾಣಿಗಳ ಹೋಲಿಕೆಯಿಂದ ಊಹಿಸುತ್ತಾರೆ ಎಂದೆವು. "ಆಮೇಲೆ ನಿಜವಾದ ತಲೆ ಸಿಕ್ಕಿದರೆ?" ಎಂದಳು. ಸಿಕ್ಕಿದರೆ ಹಳೆಯದನ್ನು ಬಿಡಬೇಕು, ವಿಜ್ಞಾನವೆಂದರೆ ಅದೇ.

ಮೊಳ, ಅಚ್ಚು, ತಳ, ಎಲುಬು, ಹದ: ಈ ಮಾತುಗಳನ್ನು ನಾವು ಪಾಠ ಹೇಳಿ ಕಲಿಸಲಿಲ್ಲ, ಕೈಗೆ ಮಣ್ಣು ಹತ್ತಿದಂತೆ ಅವೂ ಹತ್ತಿಕೊಂಡವು. ವಾಚಕರೂ ಒಂದು ರಜೆಯ ದಿನ ಹಗ್ಗ ಹಿಡಿದು ನೋಡಬೇಕು. ರಾಗಿ ಕಾಳು ಮಾತ್ರ ಮಕ್ಕಳ ಕೈಯಿಂದಲೇ ಇಡಿಸಿರಿ.