ಡಾಕ್ಟ್ರ ಮುಂದೆ ನುಂಗಿದ ಮಾತು

1/4

ಫೋಟೋದಲ್ಲಿರೋದು ನನ್ನ ಬ್ಲಡ್ ರಿಪೋರ್ಟ್. ಹೆಸರಿನ ಮೇಲೆ ಬೆರಳಿಟ್ಟು ಫೋಟೋ ತೆಗ್ದಿದ್ದೀನಿ. ಈ ಸಲದ ವಿಷಯಾನೂ ಅದೇ.

ಹೋದ ವರ್ಷ ಸೆಕೆಂಡ್ ಇಯರ್‌ನಲ್ಲಿದ್ದಾಗ ನಾನು 'ಕೋರ್ಸ್' ಮಾಡಿದೆ. ಜಿಮ್‌ಗೆ ಹೋಗೋರಿಗೆ ಈ ಪದ ಗೊತ್ತು. ಗೊತ್ತಿಲ್ಲದವರಿಗೆ ಹೇಳ್ತೀನಿ, ಸ್ಟೀರಾಯ್ಡ್. ವಾರಕ್ಕೊಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್, ದಿನಾ ಮಾತ್ರೆ, ಒಟ್ಟು ಹತ್ತು ವಾರ. ಕೊಟ್ಟಿದ್ದು ಜಿಮ್‌ನ ಒಬ್ಬ ಅಣ್ಣ, ಚುಚ್ಚಿದ್ದೂ ಅವನೇ. 58 ಕೆಜಿ ಇದ್ದೋನು 68 ಆದೆ. ಕಾಲೇಜಲ್ಲಿ ಹುಡುಗ್ರು "ಏನ್ ತಿಂತೀಯ ಗುರು?" ಅಂದ್ರೆ "ಮೊಟ್ಟೆ, ಚಿಕನ್" ಅಂತಿದ್ದೆ. ಸುಳ್ಳು ಹೇಳೋದು ಅಲ್ಲಿಂದ್ಲೇ ಅಭ್ಯಾಸ ಆಯ್ತು.

ಎಂಟನೇ ವಾರಕ್ಕೆ ಬೆನ್ನು, ಭುಜದ ತುಂಬಾ ಮೊಡವೆ. ಎಡಗಡೆ ಎದೆ ತೊಟ್ಟಿನ ಕೆಳಗೆ ಒಂದು ಗಂಟು, ಮುಟ್ಟಿದ್ರೆ ನೋವು. ಅಮ್ಮ "ಊಟಕ್ಕೆ ಬಾ" ಅಂದ್ರೂ ರೇಗ್ತಿದ್ದೆ. ಅಪ್ಪ ಒಂದು ಭಾನುವಾರ ಬೆಳಿಗ್ಗೆ "ನಡಿ, ಡಾಕ್ಟ್ರಿಗೆ ತೋರಿಸ್ಕೊಂಡು ಬರೋಣ" ಅಂದ್ರು.

2/4

ನಮ್ಮನೆ ಡಾಕ್ಟ್ರು ನಂಗೆ ಚಿಕ್ಕೋನಿದ್ದಾಗಿಂದ ಗೊತ್ತು. ಒಳ್ಳೆಯವರು. ಆದ್ರೆ ಕ್ಲಿನಿಕ್ ನಿಮ್ಮೂರಲ್ಲಿ ಇರೋ ಥರದ್ದೇ. ಬಾಗಿಲಿಗೆ ಕರ್ಟನ್, ಒಳಗೆ ಬೆಂಚ್ ಮೇಲೆ ಮುಂದಿನ ಮೂರು ಪೇಷೆಂಟ್, ಪಕ್ಕದಲ್ಲಿ ಕಾಂಪೌಂಡರ್. ನನ್ನ ಪಕ್ಕದ ಸ್ಟೂಲ್ ಮೇಲೆ ಅಪ್ಪ.

"ಏನಾದ್ರೂ ತಗೋತಿದೀಯೇನಪ್ಪಾ?"

"ಪ್ರೋಟೀನ್ ಪೌಡರ್ ಅಷ್ಟೇ ಸರ್."

ನೀವಾಗಿದ್ರೆ ಏನ್ ಹೇಳ್ತಿದ್ರಿ? ಬೆಂಚ್ ಮೇಲೆ ಕೂತಿದ್ದ ಆಂಟಿ ನಮ್ಮ ಬೀದಿಯವರು.

ಅವರು ಮೊಡವೆಗೆ ಕ್ರೀಮ್ ಬರೆದು, ಬ್ಲಡ್ ಟೆಸ್ಟ್ ಮಾಡ್ಸಿ ಅಂದ್ರು. ಲ್ಯಾಬ್‌ನಲ್ಲಿ ಮೊಬೈಲ್ ನಂಬರ್ ಕೇಳಿದಾಗ ಅಪ್ಪ ತಮ್ದು ಕೊಟ್ರು. ಸಂಜೆ ರಿಪೋರ್ಟ್ ಅವರ ವಾಟ್ಸಾಪ್‌ಗೆ ಬಂತು. ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಜಾಸ್ತಿ, ಅಂದ್ರೆ ಲಿವರ್ ಕಡೆಯ ನಂಬರ್‌ಗಳು. ಮಾರನೇ ದಿನ ಡಾಕ್ಟ್ರು ಅಪ್ಪನ ಮುಂದೇನೇ ಕೇಳಿದ್ರು, "ಕುಡಿಯೋ ಅಭ್ಯಾಸ ಇದ್ಯಾ?"

ಜೀವನದಲ್ಲಿ ಒಂದು ಬಿಯರ್ ಮುಟ್ಟಿಲ್ಲ ನಾನು. ಇಲ್ಲ ಅಂದೆ. ಅಪ್ಪ ನಂಬ್ಲಿಲ್ಲ. ಬೈಯ್ಯಲೂ ಇಲ್ಲ, ಅದೇ ಕಷ್ಟ ಆಗಿದ್ದು. ಆಮೇಲೆ ಎರಡು ವಾರ ನಾನು ರಾತ್ರಿ ಮನೆಗೆ ಬಂದಾಗೆಲ್ಲ ಹತ್ರ ಬಂದು ಸುಮ್ನೆ ನಿಂತು ಹೋಗ್ತಿದ್ರು. ಬಾಯಿ ವಾಸನೆ ನೋಡೋಕೆ.

3/4

ಕೊನೆಗೆ ಊರಿನ ಇನ್ನೊಂದು ತುದಿಯ ಆಸ್ಪತ್ರೆಗೆ ಒಬ್ನೇ ಹೋದೆ. ಒಳಗೆ ಹೋಗಿ ಕೂತ ತಕ್ಷಣ ಕೇಳಿದ್ದು ಒಂದೇ, "ಮೇಡಂ, ನಾನು ಹೇಳೋದನ್ನ ನಮ್ಮನೇಲಿ ಹೇಳ್ತೀರಾ?"

ಅವರು ನರ್ಸ್‌ಗೆ ಬಾಗಿಲು ಹಾಕೋಕೆ ಹೇಳಿದ್ರು. "ವಯಸ್ಸೆಷ್ಟು?" "ಹತ್ತೊಂಬತ್ತು." "ಹಂಗಾದ್ರೆ ನೀನು ಒಪ್ದೆ ಹೇಳೋ ಹಾಗಿಲ್ಲ."

ಇದು ಅವರ ದೊಡ್ಡತನ ಮಾತ್ರ ಅಲ್ಲ, ನಿಯಮಾನೂ ಹೌದು. 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ಡಾಕ್ಟರ್ ಪೇಷೆಂಟ್‌ನ ಗುಟ್ಟನ್ನ ಹೊರಗೆ ಹೇಳಬಾರದು. ಮೂರು ಸಂದರ್ಭ ಮಾತ್ರ ಬೇರೆ: ಕೋರ್ಟ್‌ನಲ್ಲಿ ಜಡ್ಜ್ ಆದೇಶ ಮಾಡಿದಾಗ, ಇಂಥವರಿಗೇ ಅಂತ ಗುರುತಿಸಬಹುದಾದ ಗಂಭೀರ ಅಪಾಯ ಇದ್ದಾಗ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಇದ್ದಾಗ. 'ಅಪ್ಪ ಕೇಳಿದಾಗ' ಅನ್ನೋದು ಆ ಪಟ್ಟಿಯಲ್ಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಕ್ಸಾಮ್‌ಗೆ ಬಾಯಿಪಾಠ ಮಾಡಿದ್ದೆ. ನನಗೂ ಸೇರಿದ್ದು ಅಂತ ಅನ್ಸಿದ್ದು ಅವತ್ತೇ.

ಎಲ್ಲಾ ಹೇಳ್ದೆ. ಅವರು ಬೈಲಿಲ್ಲ, ಲೆಕ್ಕ ಕೇಳಿದ್ರು. ಯಾವ ಔಷಧಿ, ಎಷ್ಟು ಎಂಎಲ್, ಎಷ್ಟು ವಾರ, ಸೂಜಿ ಹೊಸದಾ? ಕೊನೇ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರ್ಲಿಲ್ಲ. ನನ್ನ ಒಪ್ಪಿಗೆ ಕೇಳಿ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಟೆಸ್ಟ್ ಬರೆದ್ರು. ರಿಪೋರ್ಟ್ ಬರೋವರೆಗೂ ನಿದ್ದೆ ಬರ್ಲಿಲ್ಲ. ನೆಗೆಟಿವ್.

ಹೊರಗಿಂದ ಟೆಸ್ಟೋಸ್ಟೆರಾನ್ ಬಂದ್ರೆ ಮೆದುಳು 'ಸಾಕು' ಅಂದ್ಕೊಂಡು ವೃಷಣಕ್ಕೆ ಸಿಗ್ನಲ್ ಕಳ್ಸೋದೇ ನಿಲ್ಲಿಸುತ್ತಂತೆ. ನಮ್ಮ ದೇಹದ ಸ್ವಂತ ಉತ್ಪಾದನೆ ಕುಸಿಯುತ್ತೆ, ವೀರ್ಯಾಣು ಕಮ್ಮಿ ಆಗುತ್ತೆ. ಬಂದಿದ್ರಲ್ಲಿ ಸ್ವಲ್ಪ ಈಸ್ಟ್ರೋಜೆನ್ ಆಗಿ ಬದಲಾಗುತ್ತೆ, ನನ್ನ ಎದೆಯ ಗಂಟು ಅದೇ. ಲಿವರ್ ನಂಬರ್ ಮಾತ್ರೆಯಿಂದ ಏರುತ್ತೆ, ಹೆವಿ ವರ್ಕೌಟ್‌ನಿಂದ್ಲೂ ಏರುತ್ತೆ. "ನೀನು ಹೇಳ್ದಿದ್ರೆ ನಾನೂ ಕುಡೀತೀಯ ಅಂತ್ಲೇ ಅಂದ್ಕೋತಿದ್ದೆ" ಅಂದ್ರು. ವೋಚರ್ ಬಚ್ಚಿಟ್ಟು ಆಡಿಟರ್‌ಗೆ ಲೆಕ್ಕ ಟ್ಯಾಲಿ ಮಾಡಿ ಅಂದ ಹಾಗೆ ಆಗಿತ್ತು ನನ್ನ ಕಥೆ.

"ಚೀಟೀಲಿ ಬರೀಬೇಡಿ" ಅಂತ ಬೇಡ್ಕೊಂಡೆ. ಅದಕ್ಕೆ ಒಪ್ಲಿಲ್ಲ. "ಬರೀಲೇಬೇಕು, ನಾಳೆ ಇನ್ನೊಬ್ಬ ಡಾಕ್ಟರ್ ನೋಡ್ಬೇಕಾದ್ರೆ ಇದು ಗೊತ್ತಿರ್ಬೇಕು. ಚೀಟಿ ಎಲ್ಲಿ ಇಡ್ತೀಯ ಅನ್ನೋದು ನಿನ್ನಿಷ್ಟ" ಅಂದ್ರು. ಸರಿ ಅನ್ಸ್ತು.

4/4

ನಿಲ್ಲಿಸಿದ ಮೇಲೆ ಎರಡು ತಿಂಗಳು ತುಂಬಾ ಕೆಟ್ಟದಾಗಿತ್ತು. ಹಾಸಿಗೆಯಿಂದ ಏಳೋಕೂ ಮನಸ್ಸಿಲ್ಲ. ಹೀಗಾಗಬಹುದು, ಆದ್ರೆ ಸುಮ್ನೆ ಕೂರ್ಬೇಡ, ಬಂದು ಹೇಳು ಅಂತ ಮೊದ್ಲೇ ಹೇಳಿದ್ರಿಂದ ಮತ್ತೆ ಹೋಗಿ ಹೇಳ್ದೆ. ಆರು ತಿಂಗಳಿಗೆ ಹಾರ್ಮೋನ್ ನಾರ್ಮಲ್‌ಗೆ ಬಂತು. ತೂಕ 62. ಗಂಟು ಸಣ್ಣದಾಗಿದೆ, ಹೋಗಿಲ್ಲ.

ಅಪ್ಪನಿಗೆ ನಾನೇ ಹೇಳ್ದೆ, ಹೋದ ತಿಂಗಳು, ಅಂಗಡಿ ಶಟರ್ ಎಳೀವಾಗ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಹಂಗಾದ್ರೆ ಕುಡೀತಿರ್ಲಿಲ್ವಾ?" ಇಲ್ಲಪ್ಪಾ ಅಂದೆ. ಬೀಗ ಹಾಕಿ ಕೇಳಿದ್ರು, "ಅಷ್ಟು ದುಡ್ಡು ಎಲ್ಲಿಂದ ತಂದೆ?" ಅದು ಸ್ಕಾಲರ್‌ಶಿಪ್ ದುಡ್ಡು. ಆ ಮಾತುಕತೆ ಇನ್ನೂ ಮುಗಿದಿಲ್ಲ.

ನಿಮಗೆ ಹದಿನೆಂಟು ತುಂಬಿದ್ರೆ ಇಷ್ಟು ನೆನಪಿಟ್ಕೊಳ್ಳಿ. 'ಒಬ್ನೇ ಮಾತಾಡ್ಬೇಕು' ಅಂತ ಕೇಳಬಹುದು. ಲ್ಯಾಬ್‌ನಲ್ಲಿ ನಿಮ್ಮದೇ ನಂಬರ್ ಕೊಡಿ. ಅಡ್ಮಿಟ್ ಆದಾಗಿನ ದಾಖಲೆ ಕೇಳಿದ್ರೆ 72 ಗಂಟೆ ಒಳಗೆ ಕೊಡ್ಬೇಕು ಅಂತಾನೂ ಅದೇ ನಿಯಮದಲ್ಲಿದೆ. ಆಪರೇಷನ್ ಏನಾದ್ರೂ ಇದ್ರೆ ಅರಿವಳಿಕೆ ಕೊಡೋರಿಗಂತೂ ಮುಚ್ಚಿಡ್ಬೇಡಿ.

ಡಿಎಂನಲ್ಲಿ ಕೋರ್ಸ್ ಹೆಸರು ಕೇಳ್ಬೇಡಿ, ಹೇಳಲ್ಲ. ಡಾಕ್ಟ್ರ ಹತ್ರ ಹೋಗೋಕೆ ಜೊತೆಗೆ ಯಾರೂ ಇಲ್ಲ ಅಂದ್ರೆ ಕೇಳಿ. ಬರ್ತೀನಿ, ಹೊರಗಡೆ ಬೆಂಚ್ ಮೇಲೆ ಕೂತಿರ್ತೀನಿ.

#ಜಿಮ್ #ಸ್ಟೀರಾಯ್ಡ್ #ಬಿಕಾಂಹುಡುಗ #ಕನ್ನಡ