ಮೂಗಿನ ಹಿಂದೊಂದು ನಡಿಗೆ

ಬೆಕ್ಕು ಅಡ್ಡ ಬಂದರೆ ಐದು ನಿಮಿಷ ಕೂತು, ಒಂದು ಗುಟುಕು ನೀರು ಕುಡಿದು ಹೊರಡಬೇಕೆನ್ನುವ ಮನೆಯಲ್ಲಿ ಬೆಳೆದವನು ನಾನು. ಆ ಐದು ನಿಮಿಷವನ್ನು ಅರ್ಧ ದಿನಕ್ಕೆ ಹಿಗ್ಗಿಸುವುದು ನನಗೆ ಹುಟ್ಟಿನಿಂದಲೇ ಬಂದ ವಿದ್ಯೆ. ಅಂಥವನು ಜನವರಿಯ ಒಂದು ನಸುಕಿನಲ್ಲಿ, ನೆವಾಡದ ಮಣ್ಣುರಸ್ತೆಯೊಂದರಲ್ಲಿ ಟಾರ್ಚು ಹಿಡಿದು, ಬೆಕ್ಕು ಎಲ್ಲಿ ಅಡ್ಡ ಹೋಗಿದೆಯೆಂದು ಹುಡುಕುತ್ತ ನಡೆದಿದ್ದೆ. ಅಲ್ಲಿನ ಶಾಸ್ತ್ರವೇ ಬೇರೆ: ಬೆಕ್ಕು ಅಡ್ಡ ಹೋಗದಿದ್ದರೆ ಅಂದಿನ ದಿನ ಕೆಟ್ಟಿತು.

ಬೆಕ್ಕೆಂದರೆ ಗಂಡಾದರೆ 60–70 ಕಿಲೋ ತೂಗುವ ಬೆಕ್ಕು. ಮೌಂಟನ್ ಲಯನ್, ಪೂಮಾ, ಕೂಗರ್, ಪ್ಯಾಂಥರ್, ಕ್ಯಾಟಮೌಂಟ್ ಎಂದು ಇಂಗ್ಲಿಷ್ ಒಂದರಲ್ಲೇ ಅದಕ್ಕೆ 40ಕ್ಕೂ ಹೆಚ್ಚು ಹೆಸರುಗಳಿವೆಯಂತೆ. ಕಣ್ಣಿಗೆ ಬೀಳದವರಿಗೇ ನಾಮಾವಳಿ ಉದ್ದ ಎನ್ನುವುದು ದೇವರ ವಿಷಯದಲ್ಲೂ ನಿಜ ತಾನೆ? ಆದರೆ ಸಿಂಹ ಎನ್ನುವುದು ಮಾತ್ರ ಶುದ್ಧ ಸುಳ್ಳು. ಅದಕ್ಕೆ ಗರ್ಜಿಸಲು ಬರುವುದಿಲ್ಲ. ಖುಷಿಯಾದರೆ ನಮ್ಮ ಅಡುಗೆಮನೆಯ ಬೆಕ್ಕಿನ ಹಾಗೆಯೇ ಗುರ್‌ಗುರ್ ಎನ್ನುತ್ತದೆ. ವಂಶಾವಳಿ ಬಿಡಿಸಿದರೆ ಅದರ ಹತ್ತಿರದ ನೆಂಟರಲ್ಲೊಬ್ಬ ನಮ್ಮ ಹಳಬರು ಸಿವಂಗಿ ಎನ್ನುತ್ತಿದ್ದ ಚೀತಾ. ಈ ಸಿಂಹವಲ್ಲದ ಸಿಂಹವನ್ನು ನಾನು ಬೆಕ್ಕೆಂದೇ ಕರೆಯುತ್ತೇನೆ. ಹೆದರಿಕೆ ಸ್ವಲ್ಪ ಕಡಿಮೆಯಾಗುತ್ತದೆ.

ಮಗಳ ಸಂಸಾರ ಈಲಿ ಎಂಬ ಊರಿನಲ್ಲಿ. ಬಟ್ಟಲಿನಂಥ ಕಣಿವೆಯಲ್ಲಿ ಕೂತ ಸಾಧು ಊರು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ಸಮುದ್ರಮಟ್ಟಕ್ಕಿಂತ ಸುಮಾರು 1,960 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ 1,930ರ ಆಸುಪಾಸು. ಅಂದರೆ ಅಲ್ಲಿ ಹಾಲು ತರಲು ಅಂಗಡಿಗೆ ಹೋದವನೂ ಕರ್ನಾಟಕದ ತುತ್ತತುದಿಗಿಂತ ಮೇಲೆ ಓಡಾಡುತ್ತಿರುತ್ತಾನೆ. ನಾನು ಮೆಟ್ಟಿಲಲ್ಲಿ ಏದುಸಿರು ಬಿಟ್ಟಾಗಲೆಲ್ಲ ಈ ಲೆಕ್ಕವನ್ನು ಮಗಳಿಗೆ ಒಪ್ಪಿಸುತ್ತಿದ್ದೆ.

ಪಕ್ಕದ ಮನೆಯ ಯಜಮಾನರು ನಾಲ್ಕು ಬೇಟೆನಾಯಿಗಳ ಒಡೆಯರು. ಜೀಪು, ಹಿಮಬಂಡಿಗಳನ್ನು ನೆಚ್ಚದೆ ಕಾಲ್ನಡಿಗೆಯಲ್ಲೇ ಜಾಡು ಹಿಡಿಯುವ ಹಳೆಯ ಪಂಥದವರು. ಬೆಳಗಾಗುವ ಮೊದಲೇ ಏಳುತ್ತೇನೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನೂ ಸೇರಿಸಿಕೊಂಡರು. ಏಳುವುದು ಬೇರೆ, ನಡೆಯುವುದು ಬೇರೆ ಎಂದು ನಾನೂ ಬಾಯಿಬಿಡಲಿಲ್ಲ.

ಮರುಭೂಮಿಯೆಂದರೆ ಮರಳು, ಒಂಟೆ ಎಂದುಕೊಂಡ ನನ್ನ ತಲೆಗೆ ಈ ನೆಲ ಹಿಡಿಸಲು ಸ್ವಲ್ಪ ಹೊತ್ತು ಬೇಕಾಯಿತು. ಮೊಣಕಾಲೆತ್ತರದ ಬೂದಿಬಣ್ಣದ ಪೊದೆಗಳು ಕಣ್ಣು ಹರಿಯುವಷ್ಟು ದೂರ. ಮೇಲೆ ಬೆಟ್ಟದ ಪಕ್ಕೆಯಲ್ಲಿ ಕುಳ್ಳ ಜೂನಿಪರ್, ಪಿನ್ಯನ್ ಮರಗಳು. ಅದರ ಮೇಲೆ ಬಂಡೆಯಂಚು. ಇಲ್ಲಿನ ಹೊಳೆಗಳು ಸಮುದ್ರ ಕಾಣುವುದೇ ಇಲ್ಲ. ಹಂಬೋಲ್ಟ್ ನದಿ ಊರೂರು ಸುತ್ತಿ, ಕೊನೆಗೆ ಒಂದು ತಗ್ಗಿನಲ್ಲಿ ಇಂಗಿ ಆವಿಯಾಗುತ್ತದೆ. ಹಿಡಿದ ಕೆಲಸವನ್ನು ದಡ ಮುಟ್ಟಿಸದೆ ನಡುವೆಯೇ ಇಂಗಿಹೋಗುವುದು ನನ್ನೊಬ್ಬನ ದೌರ್ಬಲ್ಯವಲ್ಲ ಎಂದು ಸಮಾಧಾನವಾಯಿತು. ಪೊದೆಯ ಒಂದು ಎಲೆ ಕಿತ್ತು ಬೆರಳಲ್ಲಿ ಉಜ್ಜಿದೆ. ಯಾವ ಪರಿಮಳ ಎಂದಿರಿ? ಕರ್ಪೂರದ ಕಾರ ಬೆರೆಸಿದ ದವನ! ಆಮೇಲೆ ವಿಚಾರಿಸಿದರೆ, ಈ ಸೇಜ್‌ಬ್ರಷ್ ಕೂಡ ದವನ, ಮಾಚಿಪತ್ರೆಗಳ ಕುಲದ್ದೇ, ಆರ್ಟಿಮೀಸಿಯಾ. ನಮ್ಮಲ್ಲಿ ಹೂಮಾಲೆಯ ನಡುವೆ ಒಂದೊಂದೇ ಎಸಳಾಗಿ ಬರುವ ದಾಯಾದಿ ಇಲ್ಲಿ ಸೀಮೆಗಟ್ಟಲೆ ಹರಡಿಕೊಂಡು, ಹಿಮ ಹೊದ್ದು ಮಲಗಿದ್ದಾನೆ. ದಿನವಿಡೀ ನನ್ನ ಪ್ಯಾಂಟು ದೇವರಮನೆಯ ವಾಸನೆ ಬೀರುತ್ತಿತ್ತು.

ಹೆಜ್ಜೆ ಸಿಕ್ಕಿದ್ದು ಏಳರ ಹೊತ್ತಿಗೆ. ನನ್ನ ಕಣ್ಣಿಗೆ ಅದು ಯಾರೋ ಲೋಟ ಬೋರಲು ಹಾಕಿ ಎತ್ತಿಕೊಂಡ ಗುರುತು. ಯಜಮಾನರು ಮಂಡಿಯೂರಿ ಪಂಚಾಂಗ ನೋಡುವವರಂತೆ ನೋಡಿದರು. ಉಗುರಿನ ಗೀರು ಇಲ್ಲ, ಹಾಗಾಗಿ ನಾಯಿಯಲ್ಲ. ಅಂಗಾಲ ಮೆತ್ತೆಯ ಹಿಂಬದಿಯಲ್ಲಿ ಮೂರು ಉಬ್ಬು, ಹಾಗಾಗಿ ಬೆಕ್ಕು. ಮನುಷ್ಯರ ನಡುಬೆರಳಿನಂತೆ ಒಂದು ಬೆರಳು ತುಸು ಮುಂದೆ ಚಾಚಿದ್ದರಿಂದ ಇದು ಎಡಗಾಲು. ಹಿಂಗಾಲನ್ನು ಮುಂಗಾಲಿನ ಗುರುತಿನೊಳಗೇ ಇಟ್ಟಿರುವುದರಿಂದ ಆತುರವಿಲ್ಲದ ನಡಿಗೆ. ಈ ಹೆಜ್ಜೆಯೋದು ನನ್ನನ್ನು ಮರುಳು ಮಾಡಿತು. ನೆರಳಿನ ಉತ್ತರದ ಇಳಿಜಾರಿನಲ್ಲಿ ಅಕ್ಷರ ಮುತ್ತಿನಂತೆ. ಬಿಸಿಲು ಬಿದ್ದ ದಕ್ಷಿಣದ ಇಳಿಜಾರಿಗೆ ತಿರುಗಿದರೆ ಹಿಮವೇ ಇಲ್ಲ. ಪತ್ತೇದಾರಿ ಕಾದಂಬರಿಯಲ್ಲಿ ನಡುವಿನ ಹಾಳೆ ಹರಿದುಹೋದಂತೆ.

ಅಲ್ಲಿಂದ ಮುಂದೆ ಓದು ಮೂಗಿನದು. ನಾಲ್ವರಲ್ಲಿ ಹಿರಿಯಳಾದ ಒಂದು ಬ್ಲೂಟಿಕ್ ಹೆಣ್ಣಿಗೆ ನಾನು ಅಜ್ಜಿ ಎಂದು ಹೆಸರಿಟ್ಟಿದ್ದೆ. ಆರಿದ ಜಾಡನ್ನೂ ಓದಬಲ್ಲ ಇಂಥ ನಾಯಿಯನ್ನು ಅಲ್ಲಿ ತಣ್ಣನೆ ಮೂಗಿನದು ಎನ್ನುತ್ತಾರೆ. ಅಜ್ಜಿ ಒಂದೊಂದು ಕಲ್ಲಿಗೂ ಮೂಗು ಒತ್ತಿ, ಯೋಚಿಸಿ, ಕೊನೆಗೆ ಕತ್ತೆತ್ತಿ ಒಂದು ಉದ್ದನೆಯ ಆಲಾಪ ಎಳೆದಳು. ಕಣಿವೆ ಅದನ್ನೇ ತಿರುಗಿಸಿ ಹಾಡಿತು. ಉಳಿದ ಮೂವರು ಹಿಮ್ಮೇಳ ಸೇರಿದರು. ಆಮೇಲೆ ನಾಯಿಗಳು ಕಾಣಲಿಲ್ಲ, ಬರೀ ದನಿ. ಎಳೆದ ದನಿ ಕೇಳಿದರೆ ಇನ್ನೂ ಜಾಡಿನಲ್ಲಿವೆ. ಅದು ಚುರುಕಾದರೆ ಹತ್ತಿರವಾಗಿವೆ. ಕಡಿಕಡಿದು ಒಂದೇ ಕಡೆಯಿಂದ ಬೊಗಳಿದರೆ ಬೆಕ್ಕು ಮರ ಹತ್ತಿದೆ. ನಾಯಿಗಳ ಕೊರಳಲ್ಲಿ ಜಿಪಿಎಸ್ ಪಟ್ಟಿಯೂ ಇತ್ತು. ಆದರೂ ಯಜಮಾನರು ಯಂತ್ರವನ್ನು ಜೇಬಿಗಿಳಿಸಿ ಟೋಪಿಯ ಕಿವಿ ಎತ್ತಿ ನಿಲ್ಲುತ್ತಿದ್ದರು, ಸಂಗೀತ ಸಭೆಯಲ್ಲಿ ಮೊದಲ ಸಾಲಿನವರಂತೆ. ಯಾರಿಗೂ ಅವಸರವಿರಲಿಲ್ಲ. ನನಗಂತೂ ಉಸಿರೇ ಇರಲಿಲ್ಲ.

ಕಂಡದ್ದನ್ನು ಅಟ್ಟುವ ನಮ್ಮ ಮುಧೋಳದ ನಾಯಿಗೆ ಇದು ರುಚಿಸಲಿಕ್ಕಿಲ್ಲ. ಆದರೆ ಬೇಟೆನಾಯಿಗೆ ಮರ್ಯಾದೆ ಕೊಡುವುದರಲ್ಲಿ ಕನ್ನಡನಾಡು ಯಾರಿಗೂ ಕಡಿಮೆಯಲ್ಲ. ಮದ್ದೂರಿನ ಕಡೆಯ ಆತಕೂರು ಶಾಸನ ನೆನಪಾಯಿತು. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಎಂದರೆ, ಪುಣ್ಯಾತ್ಮ ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಕಾಳಿ ಒಂದು ಹೆಬ್ಬಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಕಾಳಿಗೆ ಕಲ್ಲು ನಿಂತಿತು, ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಈ ಕಥೆಯನ್ನು ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದಾಗ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಜ್ಜಿ ಹೋದ ದಿಕ್ಕಿಗೆ ನೋಡಿದರು.

ಅವರ ಕಡೆಯೂ ಪುರಾಣಗಳಿವೆ. ನ್ಯೂ ಮೆಕ್ಸಿಕೋ ಸೀಮೆಯ ಬೇಟೆಗಾರ ಬೆನ್ ಲಿಲ್ಲಿ ದೈವಭೀರು. ಭಾನುವಾರ ಬೇಟೆಯಿಲ್ಲ. ಶನಿವಾರ ಮರ ಹತ್ತಿದ ಬೆಕ್ಕು ಸೋಮವಾರದವರೆಗೆ ಕಾಯಬೇಕಿತ್ತಂತೆ. ನನಗೆ ಹೆಚ್ಚು ಹಿಡಿಸಿದವರು ವನ್ಯಜೀವಿ ವಿಜ್ಞಾನಿ ಮಾರಿಸ್ ಹಾರ್ನಾಕರ್. 1964ರಿಂದ ಐಡಾಹೋದ ಕಾಡುಬೆಟ್ಟಗಳಲ್ಲಿ ಇದೇ ರೀತಿ ಚಳಿಗಾಲವಿಡೀ ನಾಯಿಗಳ ಹಿಂದೆ ನಡೆದು, ಮರ ಹತ್ತಿದ ಬೆಕ್ಕಿಗೆ ಮಂಪರು ಕೊಟ್ಟು, ಗುರುತು ಹಾಕಿ ಬಿಟ್ಟವರು. ಈ ಬೆಕ್ಕುಗಳು ಒಂದರ ಸೀಮೆಯನ್ನು ಇನ್ನೊಂದು ಗೌರವಿಸಿ ದೂರ ಸರಿಯುತ್ತವೆ, ತಮ್ಮ ಸಂಖ್ಯೆಯನ್ನು ತಾವೇ ಹದ್ದಿನಲ್ಲಿಡುತ್ತವೆ ಎಂದು ತೋರಿಸಿಕೊಟ್ಟರು. ನಾಯಿ ಅದೇ, ಹಿಮ ಅದೇ, ನಡಿಗೆ ಅದೇ. ಕೋವಿ ಇಲ್ಲದಿದ್ದರೂ ಬೇಟೆಯ ಸೊಗಸಿನಲ್ಲಿ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಮಧ್ಯಾಹ್ನದ ಹೊತ್ತಿಗೆ ಕಡಿದನಿ ಶುರುವಾಯಿತು. ಈ ಬೆಕ್ಕು ಜಿಗಿತದಲ್ಲಿ ಗಟ್ಟಿ, ದಮ್ಮಿನಲ್ಲಿ ಬಡವ. ದೇಹಕ್ಕೆ ತಕ್ಕ ಶ್ವಾಸಕೋಶವಿಲ್ಲ. ಸ್ವಲ್ಪ ಓಡಿ, ಸುಸ್ತಾಗಿ, ಸಿಕ್ಕ ಮರ ಏರುತ್ತದೆ. ನಮ್ಮಿಬ್ಬರದೂ ಒಂದೇ ಕಾಯಿಲೆ. ವ್ಯತ್ಯಾಸವೆಂದರೆ ನನಗೆ ಮರವೂ ಹತ್ತಲು ಬರುವುದಿಲ್ಲ. ಇನ್ನೂ ಮುಕ್ಕಾಲು ಗಂಟೆ ಕಲ್ಲು ಹತ್ತಿ ತಲುಪಿದೆ. ನಾನು ತಡವಾಗಿ ಬಂದರೂ ಯಾರೂ ಎದ್ದು ಹೋಗದ ಸಭೆ ಜೀವಮಾನದಲ್ಲಿ ಅದೊಂದೇ.

ಜೂನಿಪರ್ ಮರ ನಮ್ಮ ಸೀಬೆ ಮರದಷ್ಟು ಎತ್ತರ. ಕೊಂಬೆಯ ಕವಲಿನಲ್ಲಿ, ಒಣಹುಲ್ಲಿನ ಬಣ್ಣದ ಒಂದು ಹೆಣ್ಣು. ಬಾಲದ ತುದಿ ಮಾತ್ರ ಮಿಸುಕುತ್ತಿತ್ತು. ನಾಯಿಗಳನ್ನು ಅದು ನೋಡುತ್ತಲೇ ಇರಲಿಲ್ಲ. ಬೇಡದ ನೆಂಟರು ಎದ್ದು ಹೋಗಲೆಂದು ಕಾಯುವ ಮನೆಯೊಡತಿಯಂತೆ ನಮ್ಮ ತಲೆಯ ಮೇಲಿಂದ ಎಲ್ಲೋ ದೂರ ನೋಡುತ್ತಿತ್ತು. ಯಜಮಾನರ ಜೇಬಿನಲ್ಲಿ ಪರವಾನಗಿ ಇತ್ತು. ಹೆಣ್ಣಿಗೆ ಗುಂಡು ಹಾರಿಸುವುದಿಲ್ಲ ಎಂದರು, ಒಂದು ಫೋಟೋ ತೆಗೆದರು, ನಾಯಿಗಳಿಗೆ ಹಗ್ಗ ಕಟ್ಟಿದರು. ನೆರೆಯ ಕ್ಯಾಲಿಫೋರ್ನಿಯ 1990ರಲ್ಲೇ ಮತ ಹಾಕಿ ಈ ಬೇಟೆಯನ್ನು ನಿಲ್ಲಿಸಿದೆ. ನನ್ನ ಮತ ಎಲ್ಲಿಗೆ ಬೀಳುತ್ತಿತ್ತು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಕ್ಯಾಲಿಫೋರ್ನಿಯಕ್ಕೆ ಎನ್ನುತ್ತಿದ್ದೆ, ಆದರೆ ಅಜ್ಜಿಯ ಹಾಡಿಗೆ ಒಂದು ವಿನಾಯಿತಿ ಬೇಡುತ್ತಿದ್ದೆ.

ಗಾಡಿಯ ಹತ್ತಿರ ಬರುವಾಗ ಕತ್ತಲಾಗಿತ್ತು. ಬೆಳಗಿನ ನಮ್ಮ ಬೂಟಿನ ಗುರುತುಗಳನ್ನು ದಾಟಿ ಇನ್ನೊಂದು ಜಾಡು ಹೋಗಿತ್ತು. ಉಗುರಿಲ್ಲ, ಹಿಂದೆ ಮೂರು ಉಬ್ಬು. ಆದರೆ ಪುಟ್ಟದು, ಬಾಬ್‌ಕ್ಯಾಟಿನದು. ಬೆಕ್ಕು ಅಡ್ಡ ಹೋಗಿದೆ ಎಂದೆ. ಐದು ನಿಮಿಷ ಕೂತು, ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿ ಕುಡಿದು ಹೊರಟೆವು.