ಮೊದಲು ಬಯಲು, ಆಮೇಲೆ ವಿಮಾನ

ಹೋದ ತಿಂಗಳು ಕನಕಪುರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. "ಸಾರ್, ರೇಡಿಯೋ ರಿಮೋಟಿನಿಂದ ಹಾರಿಸುವ ದೊಡ್ಡ ವಿಮಾನ ಕೊಳ್ಳಬೇಕೆಂದಿದ್ದೇನೆ. ರೆಕ್ಕೆಯೇ ಎರಡು ಮೀಟರ್. ಏನನ್ನುತ್ತೀರಿ?" ಎಂದು ಕೇಳಿದ. ಅವನ ಬಳಿ ಈಗಿರುವುದು ಒಂದು ಮೀಟರಿನದು. ಗಾಳಿ ಬೀಸಿದರೆ ತರಗೆಲೆಯಂತೆ ತೂರಾಡುತ್ತದೆ. ದೊಡ್ಡದು ಸ್ಥಿರವಾಗಿ ಹಾರುತ್ತದೆ, ದೂರದಿಂದಲೂ ಚೆನ್ನಾಗಿ ಕಾಣುತ್ತದೆ. ಅವನ ಆಸೆ ತಪ್ಪಲ್ಲ.

ಹಳೆಯ ಅಭ್ಯಾಸ, ಕಾಗದ ತೆಗೆದು ಲೆಕ್ಕ ಬರೆದೆ. ಅದೇ ಆಕಾರ, ಅದೇ ಸಾಮಗ್ರಿಯಲ್ಲಿ ಅಳತೆ ಇಮ್ಮಡಿಯಾದರೆ ರೆಕ್ಕೆಯ ವಿಸ್ತೀರ್ಣ 4 ಪಟ್ಟು, ತೂಕ 8 ಪಟ್ಟು. ಆ ಭಾರವನ್ನು ಗಾಳಿ ಹೊರಬೇಕಾದರೆ ಇಳಿಯುವಾಗಲೂ ಸುಮಾರು 1.4 ಪಟ್ಟು ವೇಗ ಬೇಕು. ಚಲನಶಕ್ತಿಯೋ 16 ಪಟ್ಟು! ಹಗುರವಾದ ಬಾಲ್ಸಾ ಮರದಲ್ಲಿ ಕಟ್ಟಿದರೆ ಇದು ತಗ್ಗೀತು, ಇಲ್ಲವಾಗದು.

"ನಿನ್ನದು ಎಂದಾದರೂ ಬಿದ್ದಿದೆಯೇನಪ್ಪ?" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. "ಎರಡು ಸಲ ಸಾರ್. ಒಂದು ಸಲ ಮಗಳ ಪಕ್ಕದಲ್ಲೇ."

2021ರ ಡ್ರೋನ್ ನಿಯಮಗಳು ಮನರಂಜನೆಯ ಮಾದರಿ ವಿಮಾನದ ತೂಕದ ಮಿತಿಯನ್ನು 25 ಕಿಲೋ ಎಂದಿಟ್ಟಿವೆ. ಕಣ್ಣಳತೆಯಲ್ಲೇ ಹಾರಿಸಬೇಕೆಂದೂ ಹೇಳಿವೆ. ಆದರೆ ನಿಯಮವು ಬಯಲನ್ನು ತಂದುಕೊಡುವುದಿಲ್ಲ. ರಾಮನಗರದ ರಾಮದೇವರಬೆಟ್ಟ 2012ರಿಂದ ರಣಹದ್ದುಗಳ ಧಾಮ, ಅತ್ತ ಸುಳಿಯಲೇಬಾರದು. ಉಳಿದೆಡೆ ತೆಂಗು, ಮಾವು, ವಿದ್ಯುತ್ ತಂತಿ. ರಾಗಿ ಕೊಯ್ಲಾದ, ಜನ ದನ ಸುಳಿಯದ ವಿಶಾಲ ಹೊಲವೇ ಸರಿ, ಅದೂ ಹೊಲದವರನ್ನು ಕೇಳಿಯೇ.

"ಮೊದಲು ಬಯಲನ್ನು ಆರಿಸು. ಅದು ಎಷ್ಟು ದೊಡ್ಡದಿದೆಯೋ ನೋಡಿ ವಿಮಾನ ಆರಿಸು. ರೆಕ್ಕೆ ಮೈಮೇಲಿರುವ ತರಬೇತಿ ವಿಮಾನವಾದರೆ ಕೈ ಪಳಗುವವರೆಗೆ ನಿನ್ನನ್ನು ಕಾಪಾಡುತ್ತದೆ" ಎಂದೆ.

ಈಗ ಭಾನುವಾರಗಳಂದು ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮಾಗಡಿಯ ಕಡೆ ಬಯಲು ಹುಡುಕುತ್ತಿದ್ದಾನಂತೆ. ವಿಮಾನ ಇನ್ನೂ ಕೊಂಡಿಲ್ಲ. ಲೆಕ್ಕ ಅರ್ಥವಾಗಿದೆ ಎಂದು ನನಗೆ ಸಮಾಧಾನ.